ನೋವಿಗೂ ಸಾಕ್ಷಿ ಕೇಳಿದರು

ಬ್ರಿಟನ್ನಿನಲ್ಲಿ ಹುಟ್ಟುವ ಪ್ರತಿ ಮಗುವಿನ ಹಿಮ್ಮಡಿಗೂ ವಾರ ತುಂಬುವ ಹೊತ್ತಿಗೆ ಸೂಜಿ ಚುಚ್ಚುತ್ತಾರೆ. ಕೆಲವು ಹನಿ ರಕ್ತವನ್ನು ದಪ್ಪ ಕಾಗದದಲ್ಲಿ ಇಂಗಿಸಿ ಲ್ಯಾಬಿಗೆ ಕಳಿಸುತ್ತಾರೆ. 1969ರಲ್ಲಿ ದೇಶದಾದ್ಯಂತ ಇದು ಶುರುವಾದಾಗ ಹುಡುಕುತ್ತಿದ್ದದ್ದು ಫಿನೈಲ್‌ಕೀಟೋನೂರಿಯಾ ಎಂಬ ಕಾಯಿಲೆಯನ್ನು. ಸುಮಾರು ಹತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುವಂಥದ್ದು, ಅದೂ ಹೆಚ್ಚಾಗಿ ಬಿಳಿಯರ ಮಕ್ಕಳಿಗೆ. ಇಂಗ್ಲೆಂಡಿನಲ್ಲಿ ಸಿಕಲ್ ಸೆಲ್ ಕಾಯಿಲೆಯೊಂದಿಗೆ ಹುಟ್ಟುವ ಮಕ್ಕಳ ಸಂಖ್ಯೆ ಇದಕ್ಕಿಂತ ಹೆಚ್ಚು. ರಕ್ತದಲ್ಲಿ ಅದನ್ನು ಪತ್ತೆಹಚ್ಚುವ ಪರೀಕ್ಷೆಯೂ ಇತ್ತು. ನ್ಯೂಯಾರ್ಕ್ ರಾಜ್ಯ 1975ರಲ್ಲೇ ಅದನ್ನು ನವಜಾತ ಶಿಶುಗಳಿಗೆ ಮಾಡಲು ತೊಡಗಿತ್ತು. ಆದರೆ ಇಂಗ್ಲೆಂಡಿನ ಎಲ್ಲ ಶಿಶುಗಳಿಗೂ ಆ ಪರೀಕ್ಷೆ ತಲುಪಿದ್ದು 2006ರಲ್ಲಿ. ಈ ಕಾಯಿಲೆಯ ಮಕ್ಕಳು ಬಹುಪಾಲು ಆಫ್ರಿಕಾ ಮತ್ತು ಕೆರಿಬಿಯನ್ ದ್ವೀಪಗಳಿಂದ ವಲಸೆ ಬಂದ ಮನೆಗಳಲ್ಲಿ ಹುಟ್ಟುತ್ತಾರೆ ಎನ್ನುವುದನ್ನು ಬಿಟ್ಟು ಈ ವಿಳಂಬಕ್ಕೆ ಬೇರೆ ಕಾರಣ ಹುಡುಕುವುದು ಕಷ್ಟ.

ಈ ಕಾಯಿಲೆಯಲ್ಲಿ ದುಂಡಗಿರಬೇಕಾದ ಕೆಂಪು ರಕ್ತಕಣ ಆಮ್ಲಜನಕ ಕಡಿಮೆಯಾದಾಗ ಕುಡುಗೋಲಿನಂತೆ ಬಾಗಿ, ಗಡುಸಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಬೀಳುತ್ತದೆ. ರಕ್ತ ಹರಿಯದ ಜಾಗದಲ್ಲಿ ಮೂಳೆ ಮುರಿದಂಥ ನೋವು. ಅದು ಗಂಟೆಗಟ್ಟಲೆ ಇರಬಹುದು, ದಿನಗಟ್ಟಲೆಯೂ ಇರಬಹುದು. ಮಕ್ಕಳಿಗಂತೂ ಸೋಂಕೇ ದೊಡ್ಡ ಶತ್ರು. ಎಳೆ ಮಗುವಿಗೆ ಪ್ರತಿದಿನ ಪೆನಿಸಿಲಿನ್ ಕೊಟ್ಟರೆ ಜೀವ ಉಳಿಯುತ್ತದೆ ಎಂದು ಅಮೆರಿಕದ ಅಧ್ಯಯನವೊಂದು 1986ರಲ್ಲಿ ತೋರಿಸಿತು. ಆದರೆ ಪೆನಿಸಿಲಿನ್ ಕೊಡಬೇಕಾದರೆ ಮೊದಲು ಕಾಯಿಲೆ ಇದೆಯೆಂದು ಗೊತ್ತಾಗಬೇಕಲ್ಲ.

ಈ ಕಾಯಿಲೆಯ ಸುತ್ತಲಿನ ಮೌನ ಮುರಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಎಲಿಜಬೆತ್ ಅನಿಯೋನ್‌ವು. 1947ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು. ತಾಯಿ ಐರಿಷ್ ಮೂಲದ ಕೇಂಬ್ರಿಜ್ ವಿದ್ಯಾರ್ಥಿನಿ, ತಂದೆ ಅಲ್ಲೇ ಕಾನೂನು ಓದುತ್ತಿದ್ದ ನೈಜೀರಿಯಾದವರು. ಮದುವೆಯಾಗಿರಲಿಲ್ಲ, ಮಗು ಒಂಬತ್ತು ವರ್ಷದವರೆಗೆ ಕ್ಯಾಥೊಲಿಕ್ ಸನ್ಯಾಸಿನಿಯರ ಆಶ್ರಯದಲ್ಲಿ ಬೆಳೆಯಿತು. ಮೈಮೇಲೆಲ್ಲ ಎಕ್ಸಿಮಾ ಎಂಬ ಚರ್ಮರೋಗ. ಅಂಟಿಕೊಂಡ ಪಟ್ಟಿ ಬಿಚ್ಚುವಾಗ ಒಬ್ಬ ಸನ್ಯಾಸಿನಿ ಏನಾದರೊಂದು ತುಂಟ ಮಾತು ಆಡಿ ನಗಿಸುತ್ತಿದ್ದರಂತೆ, ನಗುವ ಭರದಲ್ಲಿ ಉರಿ ಗೊತ್ತಾಗುತ್ತಿರಲಿಲ್ಲ. ದೊಡ್ಡವಳಾದ ಮೇಲೆ ಹಾಗೇ ಆಗಬೇಕು ಎಂದು ಆ ಹುಡುಗಿ ಅಂದುಕೊಂಡಳು. ಹದಿನಾರಕ್ಕೆ ಶಾಲಾ ನರ್ಸ್ ಸಹಾಯಕಿ, ಮುಂದೆ ಲಂಡನ್ನಿನ ಪ್ಯಾಡಿಂಗ್ಟನ್ ಆಸ್ಪತ್ರೆಯಲ್ಲಿ ನರ್ಸಿಂಗ್ ತರಬೇತಿ.

ಆಮೇಲೆ ವಾಯವ್ಯ ಲಂಡನ್ನಿನ ಬ್ರೆಂಟ್ ಪ್ರದೇಶದಲ್ಲಿ ಮನೆಮನೆಗೆ ಹೋಗುವ ಹೆಲ್ತ್ ವಿಸಿಟರ್ ಆದರು. ಅಲ್ಲಿ ಸಿಕಲ್ ಸೆಲ್ ಮಕ್ಕಳ ತಾಯಂದಿರು ಕೇಳಿದ ಪ್ರಶ್ನೆಗಳಿಗೆ ಇವರ ಬಳಿ ಉತ್ತರ ಇರಲಿಲ್ಲ. ಓದಿದ ಪಠ್ಯದಲ್ಲೂ ಇರಲಿಲ್ಲ. ನಮಗಿಬ್ಬರಿಗೂ ಏನೂ ಇಲ್ಲವಲ್ಲ, ಮಗುವಿಗೆ ಹೇಗೆ ಬಂತು? ಮುಂದಿನ ಮಗುವಿಗೂ ಬರುತ್ತದೆಯೇ? ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಅಂದರೆ ಕಾಯಿಲೆಯಿಲ್ಲದೆ ಅದರ ಜೀನ್ ಮಾತ್ರ ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಇಷ್ಟನ್ನು ಎದುರು ಕೂತು, ಯಾರನ್ನೂ ತಪ್ಪಿತಸ್ಥರನ್ನಾಗಿ ಮಾಡದೆ ಹೇಳುವವರು ದೇಶದಲ್ಲೇ ಇರಲಿಲ್ಲ. ಅದನ್ನು ಕಲಿಸುವ ಕೋರ್ಸೂ ಇರಲಿಲ್ಲ. ಅನಿಯೋನ್‌ವು ಅಮೆರಿಕಕ್ಕೆ ಹೋಗಿ ಕಲಿತು ಬಂದರು. 1979ರಲ್ಲಿ ರಕ್ತರೋಗ ತಜ್ಞೆ ಮಿಲಿಟ್ಸಾ ಬ್ರೋಜೊವಿಚ್ ಜೊತೆ ಸೇರಿ ಬ್ರೆಂಟ್‌ನಲ್ಲಿ ಬ್ರಿಟನ್ನಿನ ಮೊದಲ ಸಿಕಲ್ ಸೆಲ್ ಆಪ್ತಸಮಾಲೋಚನಾ ಕೇಂದ್ರ ತೆರೆದರು. ರೋಗಿಗಳ ಪರ ದನಿ ಎತ್ತುವ ಸಿಕಲ್ ಸೆಲ್ ಸೊಸೈಟಿ ಹುಟ್ಟಿದ್ದೂ ಅದೇ ವರ್ಷ. ಬ್ರೆಂಟ್ ಮಾದರಿಯ ಕೇಂದ್ರಗಳು ಬೇರೆ ಊರುಗಳಲ್ಲೂ ಬಂದವು. 2022ರಲ್ಲಿ ಅನಿಯೋನ್‌ವು ಅವರಿಗೆ ಆರ್ಡರ್ ಆಫ್ ಮೆರಿಟ್ ಗೌರವ ಸಂದಿತು.

ಹಾಗೆಂದು ಎಲ್ಲ ಸರಿಹೋಯಿತೆಂದಲ್ಲ. ಈ ನೋವಿಗೆ ಮಾರ್ಫಿನ್‌ನಂಥ ಔಷಧವೇ ಬೇಕು. ಕಪ್ಪು ಹುಡುಗನೊಬ್ಬ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದು ಮಾರ್ಫಿನ್ ಕೊಡಿ ಎಂದರೆ ಎದುರಿನವರಿಗೆ ಮೊದಲು ಬರುವುದು ಚಟದ ಅನುಮಾನ. ಆಸ್ಪತ್ರೆಗೆ ಬಂದ ಅರ್ಧ ಗಂಟೆಯೊಳಗೆ ನೋವು ನಿವಾರಕ ಕೊಡಬೇಕೆಂದು 2012ರಿಂದ ಮಾರ್ಗಸೂಚಿ ಇದೆ. ಪಾಲನೆ ಮಾತ್ರ ಎದುರಿರುವ ಸಿಬ್ಬಂದಿಯ ಮೇಲೆ ನಿಂತಿದೆ. 2019ರ ಏಪ್ರಿಲ್‌ನಲ್ಲಿ ಉತ್ತರ ಲಂಡನ್ನಿನಲ್ಲಿ ಇಪ್ಪತ್ತೊಂದು ವರ್ಷದ ಯುವಕನೊಬ್ಬ ಆಸ್ಪತ್ರೆಯ ಹಾಸಿಗೆಯಿಂದಲೇ ಆಂಬುಲೆನ್ಸ್ ಸಂಖ್ಯೆಗೆ ಕರೆ ಮಾಡಿ ಆಮ್ಲಜನಕ ಕೊಡಿಸಿ ಎಂದು ಕೇಳಿದ. ಕೆಲವೇ ದಿನಗಳಲ್ಲಿ ತೀರಿಕೊಂಡ. ಆ ಸಾವಿನ ಬಳಿಕ ಸಂಸದರ ಸರ್ವಪಕ್ಷ ಗುಂಪೊಂದು ರೋಗಿಗಳ ಅಹವಾಲು ಕೇಳಿ 2021ರಲ್ಲಿ ವರದಿ ಕೊಟ್ಟಿತು. ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂಬುದೇ ವರದಿಯ ಹೆಸರು. ಆಫ್ರಿಕಾದಿಂದ ಬಂದ ನರ್ಸುಗಳಿಲ್ಲದೆ ಒಂದು ದಿನವೂ ನಡೆಯದ ವ್ಯವಸ್ಥೆಯ ಬಗ್ಗೆ ಈ ಮಾತು.

ರಕ್ತದ ಕೊರತೆ ಇನ್ನೊಂದು ಗೋಳು. ಅನೇಕ ರೋಗಿಗಳು ಪದೇ ಪದೇ ರಕ್ತ ಪಡೆಯಬೇಕು. ಅವರಿಗೆ ಹೊಂದುವ ಆರ್‌ಓ ಎಂಬ ಉಪಗುಂಪು ಇಂಗ್ಲೆಂಡಿನ ಒಟ್ಟು ದಾನಿಗಳಲ್ಲಿ ಶೇ 2ರಷ್ಟು ಜನರಲ್ಲಿ ಮಾತ್ರ ಇದೆ. ಕಪ್ಪು ದಾನಿಗಳಲ್ಲಾದರೋ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿದೆ. ಹಾಗಾಗಿ ಈ ಸಮುದಾಯದವರೇ ದಾನಿಗಳಾಗಬೇಕು. ಅಲ್ಲೂ ಒಂದು ತೊಡಕು. ಸಿಕಲ್ ಸೆಲ್ ವಾಹಕರಿಗೆ ಮಲೇರಿಯಾದಿಂದ ಒಂದಿಷ್ಟು ರಕ್ಷಣೆ ಸಿಗುವುದರಿಂದಲೇ ಆ ಜೀನ್ ಆಫ್ರಿಕಾದಲ್ಲಿ ಉಳಿದು ಹಬ್ಬಿತು. ಈಗ ಅದೇ ಮಲೇರಿಯಾದ ಕಾರಣಕ್ಕೆ, ಊರಿಗೆ ಹೋಗಿ ಬಂದವರು ಕೆಲವು ತಿಂಗಳು ರಕ್ತ ಕೊಡುವಂತಿಲ್ಲ!

ಈ ಕಾಯಿಲೆಗೆ ಜೀನ್ ತಿದ್ದುವ ಚಿಕಿತ್ಸೆಗೆ ಜಗತ್ತಿನಲ್ಲೇ ಮೊದಲು ಅನುಮತಿ ಕೊಟ್ಟದ್ದು ಬ್ರಿಟನ್, 2023ರ ನವೆಂಬರ್‌ನಲ್ಲಿ. ಅದರ ಪಟ್ಟಿಬೆಲೆ 16 ಲಕ್ಷ ಪೌಂಡಿಗೂ ಹೆಚ್ಚು. ಅದೇ ಇಂಗ್ಲೆಂಡಿನಲ್ಲಿ ದೀರ್ಘಕಾಲದ ಕಾಯಿಲೆಗಳಿಗೆ ಉಚಿತ ಔಷಧ ಕೊಡುವ ಪಟ್ಟಿಯೊಂದಿದೆ, 1968ರದ್ದು. ಹುಟ್ಟಿನಿಂದ ಸಾಯುವವರೆಗೂ ಬಿಡದ ಸಿಕಲ್ ಸೆಲ್ ಅದರಲ್ಲಿಲ್ಲ. ಅಂಥ ಸುದ್ದಿಯಾಗುವ ಸಾಧನೆಗಿಂತ ಈ ಪಟ್ಟಿ ತಿದ್ದುವುದು ಸುಲಭವಾಗಿತ್ತು, ಹೆಚ್ಚು ಜನರಿಗೆ ತಲುಪುತ್ತಲೂ ಇತ್ತು.

ಇದು ನಮಗೆ ದೂರದ ಕಥೆಯಲ್ಲ. ಭಾರತದಲ್ಲಿ ಈ ರಕ್ತಕಣ ಮೊದಲು ಗುರುತಾದದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಈ ಕಾಯಿಲೆ ಇದೆ, ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅಲ್ಲಿ ಅದಕ್ಕಾಗಿ ದುಡಿದಿದೆ. 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ ಕರ್ನಾಟಕವೂ ಸೇರಿ 17 ರಾಜ್ಯಗಳಲ್ಲಿ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡು, ಫಲಿತಾಂಶ ತಿಳಿಸುವ ಬಣ್ಣಬಣ್ಣದ ಕಾರ್ಡ್ ಹಂಚುತ್ತಿದೆ. ಒಳ್ಳೆಯದೇ. ಆದರೆ ವಾಹಕಿ ಎಂದು ಕಾರ್ಡಿನಲ್ಲಿ ಬರೆದ ಹುಡುಗಿಯನ್ನು ಊರವರು ರೋಗಿ ಎಂದುಕೊಂಡರೆ ಆಕೆಯ ಮದುವೆಗೇ ಕುತ್ತು. ಕಾರ್ಡ್ ಹಂಚುವ ಮುನ್ನ ಆರೋಗ್ಯ ಇಲಾಖೆ ಪ್ರತಿ ಹಾಡಿಯಲ್ಲೂ ಅಲ್ಲಿಯದೇ ಒಬ್ಬ ಹೆಣ್ಣುಮಗಳಿಗೆ ಆಪ್ತಸಮಾಲೋಚನೆಯ ತರಬೇತಿ ಕೊಟ್ಟು, ಸಂಬಳ ಕೊಟ್ಟು ನೇಮಿಸಿಕೊಳ್ಳಲಿ.