ಡಬ್ಬಿ ಯಾರದು, ಶೋಧ ಯಾವುದು? ಜಿಯೋಕ್ಯಾಶಿಂಗ್ ಬಳಗದ ಜಗಳಗಳು ಬಗೆಹರಿದ ಬಗೆ

ಬಹುಮಾನವಿಲ್ಲದ, ತೀರ್ಪುಗಾರರಿಲ್ಲದ, ಗೆದ್ದವರು ಇಂಥವರೆಂದು ಯಾರೂ ಸಾರದ ಆಟವೊಂದರಲ್ಲಿ ಜಗಳಕ್ಕೆ ಎಡೆಯೇ ಇರದು ಎಂದು ಎಣಿಸುವುದು ಸಹಜವಾದರೂ, ಜಿಯೋಕ್ಯಾಶಿಂಗ್ ಎಂಬ ಹವ್ಯಾಸದ ಕಾಲು ಶತಮಾನದ ಇತಿಹಾಸ ಅದಕ್ಕೆ ತೀರ ವ್ಯತಿರಿಕ್ತವಾಗಿದೆ. ಒಬ್ಬರು ಬಯಲಿನಲ್ಲೋ ಕಾಡಿನಲ್ಲೋ ಊರಿನ ಸಂದಿಯಲ್ಲೋ ಬಚ್ಚಿಟ್ಟು ಬಂದ ಡಬ್ಬಿಯನ್ನು, ಅವರು ಜಾಲತಾಣದಲ್ಲಿ ಪ್ರಕಟಿಸಿದ ಅಕ್ಷಾಂಶ ರೇಖಾಂಶಗಳ ಜಾಡು ಹಿಡಿದು ಮತ್ತೊಬ್ಬರು ಹುಡುಕಿ, ಒಳಗಿರುವ ಚಿಕ್ಕ ಪುಸ್ತಕದಲ್ಲಿ ರುಜು ಹಾಕಿ, ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು, ಬಳಿಕ ಆ ಶೋಧವನ್ನು ಜಾಲತಾಣದಲ್ಲಿ ದಾಖಲಿಸುವುದೇ ಈ ಆಟ. ಆ ಪುಸ್ತಕಕ್ಕೆ ಲಾಗ್ ಪುಸ್ತಕವೆಂದೂ ಜಾಲತಾಣದ ದಾಖಲೆಗೆ ಲಾಗ್ ಎಂದೂ ಹೆಸರು. ಭಾರತದಲ್ಲಿ ಇಂಥ ಡಬ್ಬಿಗಳು ವಿರಳವಾಗಿದ್ದು, ಹವ್ಯಾಸದ ಮುಖ್ಯ ನೆಲೆಗಳು ಇಂದಿಗೂ ಉತ್ತರ ಅಮೆರಿಕ ಮತ್ತು ಯುರೋಪುಗಳೇ ಆಗಿವೆ.

ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ನಾಗರಿಕ ಬಳಕೆದಾರರಿಗೆ ಬೇಕೆಂದೇ ಮಸುಕುಗೊಳಿಸುತ್ತಿದ್ದ ವ್ಯವಸ್ಥೆಯನ್ನು ಅಮೆರಿಕದ ಸರ್ಕಾರ 2000ದ ಮೇ 2ರಂದು ನಿಲ್ಲಿಸಿದಾಗ, ಅದುವರೆಗೆ ನೂರು ಮೀಟರಿನವರೆಗೂ ತಪ್ಪುತ್ತಿದ್ದ ಸ್ಥಳಸೂಚನೆಯ ನಿಖರತೆ ಸುಮಾರು ಹತ್ತು ಪಟ್ಟು ಹೆಚ್ಚಿತು. ಅದರ ಮರುದಿನವೇ ಡೇವ್ ಉಲ್ಮರ್ ಎಂಬವರು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಬಕೆಟ್ಟೊಂದನ್ನು ಇಟ್ಟು ಅದರ ನೆಲೆಯನ್ನು ಅಂತರ್ಜಾಲದಲ್ಲಿ ತಿಳಿಸಿದರು. ಮೂರು ದಿನಗಳೊಳಗೆ ಇಬ್ಬರು ಅದನ್ನು ಹುಡುಕಿ ತೆಗೆದರು. ಅದೇ ವರ್ಷದ ಸೆಪ್ಟೆಂಬರ್ 2ರಂದು ಜೆರೆಮಿ ಐರಿಶ್ ಆರಂಭಿಸಿದ ಜಿಯೋಕ್ಯಾಶಿಂಗ್ ಡಾಟ್ ಕಾಮ್ ಜಾಲತಾಣದಲ್ಲಿ ಆಗ ಇದ್ದ ಡಬ್ಬಿಗಳು ಕೇವಲ 75. ಇಂದು ಜಗತ್ತಿನಾದ್ಯಂತ ಅವುಗಳ ಸಂಖ್ಯೆ ಮೂವತ್ತು ಲಕ್ಷವನ್ನು ದಾಟಿದೆ.

ಇಲ್ಲಿನ ಮನಸ್ತಾಪಗಳ ಬೇರು ಆಟಗಾರರ ಸ್ವಭಾವಕ್ಕಿಂತ ಹೆಚ್ಚಾಗಿ ಆಟದ ರಚನೆಯಲ್ಲೇ ಇದೆ. ಡಬ್ಬಿ ಇಡುವವರು ಜಾಗದ ಅನುಮತಿ ಪಡೆಯಬೇಕು, ಮಳೆಗೆ ನೆಂದ ಕಾಗದ ಬದಲಿಸಬೇಕು, ಕಳೆದುಹೋದ ಡಬ್ಬಿಗೆ ಮತ್ತೊಂದನ್ನು ತಂದಿಡಬೇಕು. ಪ್ರತಿಫಲವಾಗಿ ಅವರಿಗೆ ದೊರೆಯುವುದು ಬಂದುಹೋದವರ ಲಾಗ್ ಮಾತ್ರ. ಹುಡುಕುವವರಿಗೆ ದೊರೆಯುವುದು ಅವರ ಹೆಸರಿನ ಮುಂದೆ ಒಂದು ಹೆಚ್ಚುವ ಶೋಧಸಂಖ್ಯೆ. ಇಬ್ಬರ ನಡುವೆ ಪರಿಶೀಲಕರೆಂಬ ಸ್ವಯಂಸೇವಕರಿದ್ದು, ಹೊಸ ಡಬ್ಬಿ ನಿಯಮಕ್ಕೆ ಒಪ್ಪುವುದೇ ಎಂಬುದನ್ನು ನೋಡಿ ಪ್ರಕಟಣೆಗೆ ಒಪ್ಪಿಗೆ ಕೊಡುತ್ತಾರೆಯೇ ಹೊರತು ಯಾರು ನಿಜವಾಗಿ ಹುಡುಕಿದರು ಎಂಬುದನ್ನು ತೀರ್ಮಾನಿಸುವುದಿಲ್ಲ. ಇಟ್ಟವರಿಗೆ ಲಾಗ್ ಅಳಿಸುವ ಅಧಿಕಾರವಿರುವುದರಿಂದ, ಶೋಧ ಎಂದರೇನು ಎಂಬ ಸರಳ ಪ್ರಶ್ನೆಯೇ ವಿವಾದದ ಮೊಳಕೆಯಾಯಿತು.

ಮೊದಲ ವರ್ಷಗಳಲ್ಲಿ ಕೆಲವರು ಶೋಧಕ್ಕೆ ಹೆಚ್ಚುವರಿ ಷರತ್ತುಗಳನ್ನು ಒಡ್ಡುತ್ತಿದ್ದರು: ಲಾಗ್ ಅನ್ನು ಪದ್ಯರೂಪದಲ್ಲಿ ಬರೆಯಬೇಕು, ವಿಚಿತ್ರವಾದ ಟೋಪಿ ಧರಿಸಿದ ಛಾಯಾಚಿತ್ರ ಹಾಕಬೇಕು ಎಂಬಂಥವು. ಡಬ್ಬಿಯನ್ನು ಹುಡುಕಿ ರುಜು ಹಾಕಿದವರು ಟೋಪಿ ಹಾಕಲಿಲ್ಲವೆಂಬ ಕಾರಣಕ್ಕೆ ಅವರ ಲಾಗ್ ಅಳಿಸಿದರೆ ಅವರಿಗೆ ಅವಮಾನ, ಅಳಿಸದಿದ್ದರೆ ಷರತ್ತು ಹಾಕಿದವರಿಗೆ ಕಸಿವಿಸಿ. 2009ರ ಏಪ್ರಿಲ್‌ನಲ್ಲಿ ಇಂಥ ಷರತ್ತುಗಳನ್ನು ಕಡ್ಡಾಯಗೊಳಿಸುವಂತಿಲ್ಲ ಎಂದು ಸಿಯಾಟಲ್‌ನಲ್ಲಿರುವ ಜಾಲತಾಣದ ಕೇಂದ್ರ ಕಚೇರಿ ನಿಯಮ ಮಾಡಿತು. ಲಾಗ್ ಪುಸ್ತಕದಲ್ಲಿ ರುಜು ಇದ್ದರೆ ಅದು ಶೋಧ, ಉಳಿದದ್ದು ಆಟಗಾರರ ಮರ್ಜಿ. ಹಾಸ್ಯಪ್ರಜ್ಞೆಯುಳ್ಳ ಕೆಲವು ಡಬ್ಬಿಗಳು ಇದರಿಂದ ಸಪ್ಪೆಯಾದವೆಂಬ ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೂ ಯಾರ ಅಭಿರುಚಿ ಮೇಲು ಎಂಬ ವಾದ ಅಲ್ಲಿಗೆ ನಿಂತು, ಪ್ರಶ್ನೆ ಕಾಗದದ ಮೇಲೆ ರುಜು ಇದೆಯೇ ಇಲ್ಲವೇ ಎಂಬಲ್ಲಿಗೆ ಇಳಿಯಿತು.

ಈ ನಿಷೇಧದಿಂದ ಹೊರಗುಳಿದ ಒಂದೇ ವರ್ಗವೆಂದರೆ ಚಾಲೆಂಜ್ ಡಬ್ಬಿಗಳದು. ಇಂತಿಷ್ಟು ಜಿಲ್ಲೆಗಳಲ್ಲಿ ಶೋಧ ನಡೆಸಿರಬೇಕು, ಹುಡುಕಾಟದ ಕಾಠಿಣ್ಯಕ್ಕೂ ದಾರಿಯ ದುರ್ಗಮತೆಗೂ ಕೊಡುವ ಒಂದರಿಂದ ಐದರವರೆಗಿನ ಎಲ್ಲ ಶ್ರೇಣಿಗಳ ಡಬ್ಬಿಗಳನ್ನೂ ಕಂಡಿರಬೇಕು ಎಂಬಂಥ ಅರ್ಹತೆಯನ್ನು ಪೂರೈಸಿದವರು ಮಾತ್ರ ಇಂಥ ಡಬ್ಬಿಯನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ಯಾವ ಅರ್ಹತೆ ನ್ಯಾಯವಾದದ್ದು, ಯಾವುದು ಅತಿಯಾದದ್ದು ಎಂಬ ತೀರ್ಮಾನದ ಹೊರೆಯೆಲ್ಲ ಪರಿಶೀಲಕರ ಮೇಲೆ ಬಿದ್ದು, ಒಟ್ಟು ಡಬ್ಬಿಗಳಲ್ಲಿ ಅಲ್ಪಭಾಗವಾಗಿದ್ದ ಇವುಗಳಿಂದಲೇ ಮೇಲ್ಮನವಿಗಳು ವಿಪರೀತವಾಗಿ ಬರತೊಡಗಿದವು. 2015ರ ಏಪ್ರಿಲ್‌ನಲ್ಲಿ ಕೇಂದ್ರ ಕಚೇರಿ ಹೊಸ ಚಾಲೆಂಜ್ ಡಬ್ಬಿಗಳಿಗೆ ಒಂದು ವರ್ಷದ ತಡೆ ಹಾಕಿತು. ಅದಾಗಲೇ ಇದ್ದವುಗಳನ್ನು ಮುಟ್ಟಲಿಲ್ಲ. ಬಿಸಿ ಆರುವವರೆಗೆ ಕಾಯುವ ಈ ಕ್ರಮ ಆಗ ಅನೇಕರಿಗೆ ಪಲಾಯನವೆಂದು ತೋರಿತ್ತು. ಆದರೆ ಆ ಅವಧಿಯಲ್ಲಿ ಆಟಗಾರರ ಅಭಿಪ್ರಾಯಗಳನ್ನು ಸಂಗ್ರಹಿಸಿ, 2016ರಲ್ಲಿ ತಡೆ ತೆಗೆದಾಗ ತಂದ ನಿಯಮ ಗಮನಾರ್ಹವಾಗಿತ್ತು: ಪ್ರತಿಯೊಂದು ಹೊಸ ಚಾಲೆಂಜಿಗೂ ಚೆಕರ್ ಇರಲೇಬೇಕು. ಚೆಕರ್ ಎಂದರೆ ಆಟಗಾರರ ಹೆಸರು ಕೊಟ್ಟ ಕೂಡಲೇ ಅವರ ಹಿಂದಿನ ಶೋಧಗಳನ್ನು ಜಾಲಾಡಿ, ಅರ್ಹತೆ ಇದೆಯೇ ಇಲ್ಲವೇ ಎಂಬುದನ್ನು ತಾನೇ ತಿಳಿಸುವ ತಂತ್ರಾಂಶ. ಯಂತ್ರಕ್ಕೆ ಲೆಕ್ಕ ಹಾಕಲಾಗದ ಅರ್ಹತೆಗೆ ಅವಕಾಶವೇ ಇಲ್ಲವೆಂದಾಗ, ಅತಿ ಸೂಕ್ಷ್ಮವಾದ ತರ್ಕಗಳೂ ಅವುಗಳ ಬೆನ್ನಿಗೇ ಬರುತ್ತಿದ್ದ ತಕರಾರುಗಳೂ ಬಹುಮಟ್ಟಿಗೆ ತಗ್ಗಿದವು.

ವರ್ಚುವಲ್ ಎಂಬ, ಡಬ್ಬಿಯೇ ಇಲ್ಲದೆ ಒಂದು ಸ್ಮಾರಕವನ್ನೋ ನೋಟವನ್ನೋ ಕಂಡು ಬಂದುದಕ್ಕೆ ಸಾಕ್ಷಿ ಕೊಡುವ ಬಗೆಯ ಕಥೆ ಇಷ್ಟು ನೇರವಲ್ಲ. ನೋಡಿದವರು ಬೆರಗಾಗುವಂಥ ಸ್ಥಳವೇ ಅದು ಎಂಬುದನ್ನು ಪರಿಶೀಲಕರು ತೂಗಬೇಕಾಗಿದ್ದುದರಿಂದ, ತಿರಸ್ಕೃತರಾದವರೆಲ್ಲ ಅದನ್ನು ತಮ್ಮ ಊರಿಗೆ ಆದ ಅವಮಾನವೆಂದೇ ಭಾವಿಸಿದರು. 2005ರಲ್ಲಿ ವೇಮಾರ್ಕಿಂಗ್ ಎಂಬ ಪ್ರತ್ಯೇಕ ತಾಣವನ್ನು ತೆರೆದು ಹೊಸ ವರ್ಚುವಲ್‌ಗಳನ್ನು ನಿಲ್ಲಿಸಲಾಯಿತಾದರೂ ಕೇಳುವವರ ಒತ್ತಾಯ ನಿಲ್ಲಲಿಲ್ಲ. 2017ರ ಆಗಸ್ಟ್‌ನಲ್ಲಿ ಸುಮಾರು ನಾಲ್ಕು ಸಾವಿರ ಮಂದಿಗೆ ಒಂದೊಂದು ವರ್ಚುವಲ್ ಇಡುವ ಅವಕಾಶ ದೊರೆತಾಗ, ಆಯ್ಕೆಗೆ ಬಳಸಿದ ಲೆಕ್ಕಾಚಾರವೇ ಹೊಸ ಗೊಣಗಾಟಕ್ಕೆ ವಸ್ತುವಾಯಿತು. 2019ರ ಸುತ್ತಿನಲ್ಲಿ ಅರ್ಹರಾದವರ ಪೈಕಿ ಆಸಕ್ತರ ಹೆಸರುಗಳನ್ನು ಚೀಟಿ ಎತ್ತಿದಂತೆ ಆರಿಸಲಾಯಿತು. ಅದೃಷ್ಟದೊಂದಿಗೆ ವಾದ ಮಾಡುವುದು ಕಷ್ಟ. ಇದಕ್ಕಿಂತ ಸುಸೂತ್ರವಾಗಿ ಬಗೆಹರಿದದ್ದು ರಾಷ್ಟ್ರೀಯ ಉದ್ಯಾನಗಳ ಪ್ರಶ್ನೆ. ಅನುಮತಿಯಿಲ್ಲದೆ ಡಬ್ಬಿ ಇಡಲು ಅಮೆರಿಕದ ಉದ್ಯಾನ ಇಲಾಖೆ ಬಿಡದಿದ್ದಾಗ, ಅಲ್ಲಿನ ಭೂವಿಜ್ಞಾನ ಸಂಘದ ನೆರವಿನಲ್ಲಿ 2004ರಲ್ಲಿ ಮೊದಲಾದ ಅರ್ಥ್‌ಕ್ಯಾಶ್ ಆಟಗಾರರಿಗೆ ಮತ್ತೊಂದು ದಾರಿ ತೋರಿಸಿತು. ಇದರಲ್ಲಿ ಇಡುವ ವಸ್ತುವೇ ಇಲ್ಲ. ಬಂಡೆಯ ಪದರುಗಳನ್ನೋ ನದಿ ಕೊರೆದ ಕಣಿವೆಯನ್ನೋ ನೋಡಿ ಭೂರಚನೆಯ ಪ್ರಶ್ನೆಗಳಿಗೆ ಉತ್ತರ ಕಳಿಸಬೇಕು, ಅಷ್ಟೆ.

ಇನ್ನೂ ಬಗೆಹರಿಯದೆ ಉಳಿದಿರುವುದು ಪವರ್ ಟ್ರೇಲ್‌ಗಳ ಸುತ್ತಲಿನ ವ್ಯಾಜ್ಯ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರವಿರಬೇಕೆಂಬುದು ನಿಯಮ; ಆ ಕನಿಷ್ಠ ಅಂತರದಲ್ಲೇ ರಸ್ತೆಯುದ್ದಕ್ಕೂ ಸಾಲಾಗಿ ಇಟ್ಟ ನೂರಾರು ಡಬ್ಬಿಗಳೇ ಪವರ್ ಟ್ರೇಲ್. ನೆವಾಡ ರಾಜ್ಯದ 375ನೆಯ ಹೆದ್ದಾರಿಯಲ್ಲಿ 2010ರಲ್ಲಿ ಹೀಗೆ ಸಾವಿರಕ್ಕೂ ಹೆಚ್ಚು ಡಬ್ಬಿಗಳು ಕುಳಿತವು. ಅಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಹಳಬರ ಸಿಟ್ಟಿಗೆ ಕಾರಣ ತಿಳಿಯುತ್ತದೆ: ಕಾರು ನಿಲ್ಲುತ್ತದೆ, ಒಬ್ಬರು ಇಳಿದು ಕಲ್ಲುಗುಪ್ಪೆಯ ಕೆಳಗಿನ ಫಿಲ್ಮ್ ಡಬ್ಬಿಯನ್ನು ಎತ್ತಿಕೊಂಡು ಅದರ ಜಾಗದಲ್ಲಿ ಹಿಂದಿನ ತಾಣದಿಂದ ತಂದ ಡಬ್ಬಿಯನ್ನು ಇಡುತ್ತಾರೆ, ಕಾರು ಹೊರಟ ಮೇಲೆ ಹಿಂದಿನ ಸೀಟಿನವರು ಎತ್ತಿಕೊಂಡ ಡಬ್ಬಿ ತೆರೆದು ಸುರುಳಿ ಕಾಗದಕ್ಕೆ ಮುದ್ರೆ ಒತ್ತುತ್ತಾರೆ, ಮುಂದಿನ ಗುಪ್ಪೆಯ ಕೆಳಗೆ ಅದು ಸೇರುತ್ತದೆ. ಸಂಜೆಯ ಹೊತ್ತಿಗೆ ಬಹುತೇಕ ಎಲ್ಲ ಡಬ್ಬಿಗಳೂ ಒಂದೊಂದು ಸ್ಥಾನ ಮುಂದೆ ಸರಿದಿರುತ್ತವೆ. ಡಬ್ಬಿ ಸಿಗದಿದ್ದರೆ ಜೇಬಿನಿಂದ ಹೊಸದೊಂದನ್ನು ತೆಗೆದಿಟ್ಟು ಅದಕ್ಕೇ ರುಜು ಹಾಕಿ ಶೋಧವೆಂದು ಬರೆಯುವುದೂ ಉಂಟು. ಇದಕ್ಕೆ ಥ್ರೋಡೌನ್ ಎಂದು ಹೆಸರು. 2011ರಲ್ಲಿ ರಾಜ್ಯದ ಸಾರಿಗೆ ಇಲಾಖೆ ಸುರಕ್ಷತೆಯ ಕಾರಣ ನೀಡಿ ಆ ಸಾಲನ್ನು ತೆಗೆಸಿತು. ಆಟಗಾರರು ಡಬ್ಬಿಗಳನ್ನು ರಸ್ತೆಯ ಅಂಚಿನಿಂದ ದೂರ ಸರಿಸಿ ಮತ್ತೆ ಸಾಲು ಕಟ್ಟಿದರು.

ನೆವಾಡದ ಸಾಲಿನಲ್ಲಿ ಇಟ್ಟವರ ಒಪ್ಪಿಗೆಯಿಂದಲೇ ನಡೆಯುವ ಥ್ರೋಡೌನ್ ಬೇರೆಡೆ ನಿಜವಾದ ಕೇಡು ಮಾಡುತ್ತದೆ. ಕಷ್ಟಪಟ್ಟು ಮರೆಮಾಡಿದ ಮೂಲ ಡಬ್ಬಿ ತನ್ನ ಜಾಗದಲ್ಲೇ ಇದ್ದು, ಎರಡಡಿ ಪಕ್ಕದಲ್ಲಿ ಯಾರೋ ಇಟ್ಟ ಎರಡನೆಯದು ಕಣ್ಣಿಗೆ ಬಿದ್ದರೆ, ಮುಂದೆ ಬಂದವರೆಲ್ಲ ಸುಲಭದ್ದಕ್ಕೆ ರುಜು ಹಾಕಿ ಹೋಗುತ್ತಾರೆ; ಇಟ್ಟವರು ಅವರ ಲಾಗ್ ಅಳಿಸಿದರೆ, ತಿಳಿಯದೆ ಮೋಸಹೋದವರಿಗೆ ಶಿಕ್ಷೆಯಾಗುತ್ತದೆ. ಥ್ರೋಡೌನ್ ಸಲ್ಲದೆಂಬುದು ಕೇಂದ್ರ ಕಚೇರಿಯ ನಿಲುವಾದರೂ, ಡಬ್ಬಿಯ ನಿರ್ವಹಣೆ ಇಟ್ಟವರದೇ ಆದ್ದರಿಂದ ಅಲ್ಲಿಗೆ ಹೋಗಿ ನೋಡಿ ಎರಡನೆಯದನ್ನು ತೆಗೆಯುವುದೊಂದೇ ಪರಿಹಾರ.

ದಿನನಿತ್ಯದ ಸಣ್ಣ ಕಿರಿಕಿರಿಗಳಲ್ಲಿ ಮಾತಿನ ಧಾಟಿಯೇ ಅರ್ಧ ಕಾರಣವೆಂಬುದನ್ನು ಕೇಂದ್ರ ಕಚೇರಿಯೂ ತಡವಾಗಿ ಮನಗಂಡಂತಿದೆ. ಹಾಳಾದ ಡಬ್ಬಿಯನ್ನು ಪಟ್ಟಿಯಿಂದ ತೆಗೆಯಬೇಕೆಂದು ಹೇಳುತ್ತಿದ್ದ ಲಾಗ್‌ನ ಹೆಸರನ್ನು 2022ರಲ್ಲಿ ಬದಲಿಸಿ, ಪರಿಶೀಲಕರ ಗಮನ ಕೋರುವ ಲಾಗ್ ಎಂದು ಕರೆಯಲಾಯಿತು. ದುರಸ್ತಿ ಬೇಕೆಂಬ ಲಾಗ್ ಇಟ್ಟವರ ಗಮನ ಕೋರುವುದಾಯಿತು. ಒತ್ತುವ ಗುಂಡಿಯ ಪರಿಣಾಮದಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲದಿದ್ದರೂ, ಅದನ್ನು ಓದುವ, ಡಬ್ಬಿ ಇಟ್ಟವರಿಗೆ ಅದು ಮರಣಶಾಸನದಂತೆ ಕೇಳಿಸುವುದಿಲ್ಲ. ಪವರ್ ಟ್ರೇಲ್ ಕಂಡರಾಗದವರಿಗೆ ಜಾಲತಾಣ ಬೇರೊಂದು ಅನುಕೂಲ ಒದಗಿಸಿದೆ: ಚಂದಾದಾರರು ಬೇಡದ ಡಬ್ಬಿಗಳನ್ನು ಉಪೇಕ್ಷೆಯ ಪಟ್ಟಿಗೆ ಸೇರಿಸಿದರೆ ಅವು ಅವರ ನಕ್ಷೆಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಸಂಖ್ಯೆಯ ಹಿಂದೆ ಬಿದ್ದವರು ನೆವಾಡದ ಮರುಭೂಮಿಯಲ್ಲಿ ಮುದ್ರೆ ಒತ್ತುತ್ತಿದ್ದರೆ, ಒಂದೇ ಡಬ್ಬಿಗಾಗಿ ದಿನವಿಡೀ ಬೆಟ್ಟ ಹತ್ತುವವರ ನಕ್ಷೆಯಲ್ಲಿ ಆ ಹೆದ್ದಾರಿ ಖಾಲಿಯಾಗಿಯೇ ಇರಬಹುದು.