ಗುಣವಾಗಿ ಬಂದವರಿಗೂ ಒಂದು ಕೆಲಸ ಬೇಕು

ಚಿಕ್ಕಮ್ಮನ ಕೊನೆಯ ಕೀಮೋಥೆರಪಿ ಮುಗಿದ ದಿನ ಮನೆಯಲ್ಲಿ ಪಾಯಸ ಮಾಡಿದ್ದೆವು. ಎಂಟು ತಿಂಗಳ ಆಸ್ಪತ್ರೆ ಓಡಾಟ, ಸಾಲ, ಆತಂಕ ಎಲ್ಲ ಮುಗಿಯಿತು ಎಂಬ ನಿರಾಳ. ಬಂದ ನೆಂಟರೆಲ್ಲ ‘ದೇವರು ದೊಡ್ಡವನು, ಗೆದ್ದು ಬಂದೆಯಲ್ಲ’ ಅಂದರು. ಚಿಕ್ಕಮ್ಮ ಒಂದು ಚಮಚ ಪಾಯಸ ತಿಂದು ಒಳಗೆ ಹೋಗಿ ಮಲಗಿದಳು. ಬಾಯಿ ರುಚಿ ಕೆಟ್ಟಿರಬೇಕು ಅಂದುಕೊಂಡೆವು.

ಆದರೆ ಮುಂದಿನ ಮೂರು ತಿಂಗಳೂ ಹಾಗೇ ಕಳೆದವು. ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದವಳು ಕಿಟಕಿ ಪಕ್ಕ ಕೂತರೆ ಏಳುತ್ತಲೇ ಇರಲಿಲ್ಲ. ಹೊಲಿಗೆ ಯಂತ್ರವನ್ನು ನಾವೇ ಮೂಲೆಗೆ ಸರಿಸಿ ಬಟ್ಟೆ ಹೊದಿಸಿದ್ದೆವು. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರಿಂದ ಕೈ ಊದಿಕೊಳ್ಳಬಹುದು, ಭಾರ ಎತ್ತಬಾರದು ಎಂದು ವೈದ್ಯರು ಹೇಳಿದ್ದರು. ಏನೂ ಮಾಡಬಾರದು ಎಂದು ನಾವು ಅರ್ಥ ಮಾಡಿಕೊಂಡೆವು. ಕಾಫಿ ಲೋಟ ತೊಳೆಯಲು ಎದ್ದರೂ ‘ನೀನು ಕೂತ್ಕೋ ಚಿಕ್ಕಮ್ಮ’ ಎಂದು ಕೈಯಿಂದ ಕಿತ್ತುಕೊಳ್ಳುತ್ತಿದ್ದವಳು ನಾನೇ.

ಕೈ ಊತಕ್ಕೆ ಯಾವ ವ್ಯಾಯಾಮ ಒಳ್ಳೆಯದು ಎಂದು ಒಂದು ರಾತ್ರಿ ಮೊಬೈಲಿನಲ್ಲಿ ಹುಡುಕುತ್ತಿದ್ದಾಗ ಟೆರಿ ವಿಂಗ್‌ಹ್ಯಾಮ್ ಅವರ ಕಥೆ ಕಣ್ಣಿಗೆ ಬಿತ್ತು.

ಕೇಪ್‌ಟೌನ್‌ನಿಂದ ದೆಹಲಿಗೆ

ವಿಂಗ್‌ಹ್ಯಾಮ್ ಕೆನಡಾದ ವ್ಯಾಂಕೂವರ್‌ನವರು. 30ನೇ ವಯಸ್ಸಿನಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಶಸ್ತ್ರಚಿಕಿತ್ಸೆ, ಕೀಮೋ ಎಲ್ಲ ಮುಗಿದವು. ಸುತ್ತಲಿನವರು ಸಂಭ್ರಮಿಸುತ್ತಿದ್ದರೆ ಅವರಿಗೆ ಮಾತ್ರ ಹಳೆಯ ಬದುಕಿಗೆ ಮರಳುವ ದಾರಿ ಕಾಣಲಿಲ್ಲ. ಆಗ ಅವರು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಹೊರಟರು. ಹೋಗಿದ್ದು ಪ್ರವಾಸಕ್ಕಲ್ಲ, ಸ್ವಯಂಸೇವಕಿಯಾಗಿ ಮಕ್ಕಳ ಜೊತೆ ಕೆಲಸ ಮಾಡಲು. ಆ ಮಕ್ಕಳಿಗೆ ಇವರ ಕಾಯಿಲೆಯ ಚರಿತ್ರೆ ಬೇಕಿರಲಿಲ್ಲ. ಆಡಿಸಲು, ಎತ್ತಿಕೊಳ್ಳಲು ಒಬ್ಬರು ಬೇಕಿತ್ತು, ಅಷ್ಟೇ.

ತನಗೆ ಸಿಕ್ಕಿದ್ದು ಬೇರೆಯವರಿಗೂ ಸಿಗಲಿ ಎಂದು ಅವರು ‘ಎ ಫ್ರೆಶ್ ಚಾಪ್ಟರ್’ ಎಂಬ ಸಂಸ್ಥೆ ಕಟ್ಟಿದರು. ಹೊಸ ಅಧ್ಯಾಯ ಎಂದು ಆ ಹೆಸರಿನ ಅರ್ಥ. ಕ್ಯಾನ್ಸರ್‌ನಿಂದ ಗುಣವಾದವರ ತಂಡವನ್ನು ಬೇರೆ ದೇಶಕ್ಕೆ ಕರೆದೊಯ್ದು, ಅಲ್ಲಿ ಸೇವೆಯಲ್ಲಿ ತೊಡಗಿಸುವುದು ಅದರ ಕೆಲಸ. 2013ರಲ್ಲಿ ಅಂಥದ್ದೊಂದು ತಂಡ ನಮ್ಮ ದೆಹಲಿಗೇ ಬಂದಿತ್ತು. ಆಮೇಲೆ ಪೆರು, ಕೋಸ್ಟರಿಕಾಗಳಿಗೂ ತಂಡಗಳು ಹೋದವು.

ಓದಿದಾಗ ಮೊದಲು ನನಗೆ ನಗು ಬಂತು. ನಾವು ಕಾಫಿ ಲೋಟವನ್ನೂ ಮುಟ್ಟಲು ಬಿಡುವುದಿಲ್ಲ, ಇವರು ದೇಶ ದಾಟಿ ಹೋಗಿ ದುಡಿಯುತ್ತಾರಲ್ಲ ಎಂದು. ಆಮೇಲೆ ನಗು ನಿಂತಿತು.

ದಡಕ್ಕೆ ತಂದ ಮೇಲೆ?

ಈ ಸಂಕಟಕ್ಕೆ ಮೊದಲು ಮಾತು ಕೊಟ್ಟವರಲ್ಲಿ ಅಮೆರಿಕದ ಫಿಟ್ಜ್‌ಹ್ಯೂ ಮುಲ್ಲನ್ ಒಬ್ಬರು. ಅವರು ವೈದ್ಯರು, ಸ್ವತಃ ಕ್ಯಾನ್ಸರ್ ರೋಗಿಯೂ ಆಗಿದ್ದವರು. 1985ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬರೆದ ಲೇಖನದಲ್ಲಿ ಅವರು ಕ್ಯಾನ್ಸರ್ ನಂತರದ ಬದುಕನ್ನು ಮೂರು ಘಟ್ಟಗಳಾಗಿ ನೋಡುತ್ತಾರೆ. ಮೊದಲನೆಯದು ಚಿಕಿತ್ಸೆಯ ಕಾಲ. ಎರಡನೆಯದು ಚಿಕಿತ್ಸೆ ಮುಗಿದು ರೋಗ ಮರಳೀತೇ ಎಂದು ಕಾಯುವ ಕಾಲ. ಮೂರನೆಯದು ಆ ಭಯ ನಿಧಾನಕ್ಕೆ ಹಿಂದೆ ಸರಿಯುವ ಕಾಲ. ಮುಳುಗುತ್ತಿದ್ದವರನ್ನು ನೀರಿನಿಂದ ಎತ್ತಿ ತರುವ ವಿದ್ಯೆ ನಮಗೆ ಚೆನ್ನಾಗಿ ಗೊತ್ತು, ದಡಕ್ಕೆ ತಂದ ಮೇಲೆ ಅವರ ಪಾಡಿಗೆ ಬಿಟ್ಟುಬಿಡುತ್ತೇವೆ ಎಂಬುದು ಅವರ ದೂರು.

ಚಿಕ್ಕಮ್ಮ ಇದ್ದದ್ದು ಆ ಎರಡನೇ ಘಟ್ಟದಲ್ಲಿ. ಚಿಕಿತ್ಸೆ ನಡೆಯುವಾಗ ದಿನಕ್ಕೊಂದು ಕೆಲಸವಿತ್ತು. ರಕ್ತಪರೀಕ್ಷೆ, ಡ್ರಿಪ್, ಮಾತ್ರೆ, ಮುಂದಿನ ತಾರೀಖು. ಅದು ನಿಂತ ಮೇಲೆ ಉಳಿದದ್ದು ಭಯ ಮಾತ್ರ. ಬೆನ್ನು ನೋವು ಬಂದರೂ ‘ಮತ್ತೆ ಬಂತೇನೋ’ ಎಂಬ ಭಯ. ಗೆದ್ದು ಬಂದವಳು ಅಳಬಾರದು ಎಂದು ಅದನ್ನು ಹೇಳಿಕೊಳ್ಳುವಂತೆಯೂ ಇರಲಿಲ್ಲ.

ದೂರದ ಊರಿನ ಸೇವೆ ಇಲ್ಲಿ ಹೇಗೆ ನೆರವಾಗುತ್ತದೆ? ಒಂದು, ಅಲ್ಲಿ ನಿಮ್ಮನ್ನು ‘ಪಾಪ’ ಎಂದು ನೋಡುವವರು ಇರುವುದಿಲ್ಲ. ಎರಡು, ಜೊತೆಗಿರುವ ತಂಡದವರೂ ಅದೇ ಹಾದಿಯಲ್ಲಿ ಬಂದವರು. ಕೂದಲು ಯಾಕೆ ಗಿಡ್ಡ, ಬೇಗ ಯಾಕೆ ಸುಸ್ತು ಎಂದು ವಿವರಿಸಬೇಕಿಲ್ಲ. ಮೂರನೆಯದು ನನಗೆ ಬಹಳ ಮುಖ್ಯ ಅನಿಸಿದ್ದು. ನೆರವು ಪಡೆಯುವವರಿಗಿಂತ ನೆರವು ಕೊಡುವವರಿಗೇ ಹೆಚ್ಚು ಪ್ರಯೋಜನ ಆಗುವುದುಂಟು ಎಂದು ಫ್ರಾಂಕ್ ರೀಸ್ಮನ್ ಎಂಬ ವಿದ್ವಾಂಸರು 1965ರಲ್ಲೇ ಬರೆದಿದ್ದರು. ಕಾಯಿಲೆ ಬಿದ್ದವರು ತಿಂಗಳುಗಟ್ಟಲೆ ಬರೀ ಪಡೆಯುತ್ತಲೇ ಇರುತ್ತಾರೆ. ಕೊಡುವ ಕೈ ತನಗೂ ಇದೆ ಎಂದು ಅವರಿಗೆ ಮತ್ತೆ ಅನಿಸಬೇಕು.

ಎಲ್ಲರಿಗೂ ಆಗುವ ಮಾತಲ್ಲ

ಹಾಗಂತ ಇದು ಮದ್ದಲ್ಲ. ಚಿಕಿತ್ಸೆಗೇ ಒಡವೆ ಅಡವಿಟ್ಟ ಮನೆಗಳಿಗೆ ವಿಮಾನದ ಟಿಕೆಟ್ ದೂರದ ಮಾತು. ಆರೋಗ್ಯದ ಲೆಕ್ಕವೂ ಇದೆ. ಕೀಮೋದಿಂದ ಬಿಳಿ ರಕ್ತಕಣಗಳು ಕಡಿಮೆಯಾಗಿ ಸೋಂಕು ಸುಲಭವಾಗಿ ತಗಲುತ್ತದೆ. ಆಫ್ರಿಕಾ, ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹೋಗಲು ಬೇಕಾಗುವ ಹಳದಿ ಜ್ವರದ ಲಸಿಕೆಯಲ್ಲಿ ಜೀವಂತ ವೈರಾಣು ಇರುವುದರಿಂದ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಅದನ್ನು ಕೊಡುವಂತಿಲ್ಲ. ಚಿಕಿತ್ಸೆ ಕೊಟ್ಟ ವೈದ್ಯರನ್ನು ಕೇಳದೆ ಹೊರಡುವ ಹಾಗೇ ಇಲ್ಲ.

ಇನ್ನೊಂದು ಮಾತು, ಹೋದ ಊರಿನವರದ್ದು. ಎರಡು ವಾರ ಮುದ್ದು ಮಾಡಿ ಹೊರಟುಹೋಗುವ ಅತಿಥಿಗಳಿಗೆ ಮಕ್ಕಳು ಅಂಟಿಕೊಂಡರೆ ಆಮೇಲೆ ಅಳುವವರು ಆ ಮಕ್ಕಳೇ. ಈ ಬಗೆಯ ಸೇವಾ ಪ್ರವಾಸದ ಮೇಲೆ ಇರುವ ಟೀಕೆ ಸುಳ್ಳಲ್ಲ. ನಮ್ಮ ಮನಸ್ಸು ಹಗುರವಾಗಲು ಇನ್ನೊಬ್ಬರ ಬಡತನ ಸಾಮಗ್ರಿಯಾಗಬಾರದು. ಅಲ್ಲಿನವರಿಗೆ ನಿಜಕ್ಕೂ ಬೇಕಾದ ಕೆಲಸವೇ, ನಾವು ಹೊರಟ ಮೇಲೂ ಅದನ್ನು ನಡೆಸುವವರು ಅಲ್ಲಿದ್ದಾರೆಯೇ ಎಂದು ಕೇಳಿಕೊಳ್ಳಲೇಬೇಕು.

ಚಿಕ್ಕಮ್ಮ ಕೇಳಿದ ಪ್ರಶ್ನೆ

ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದೆ. ದೆಹಲಿಗೆ ಬಂದ ತಂಡದ ವಿಷಯ ಬಂದಾಗ ಕಿವಿಗೊಟ್ಟಳು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: ‘ಅಲ್ಲಿ ಅವರಿಗೆ ಯಾರೂ ನೀನು ಕೂತ್ಕೋ ಅನ್ನಲಿಲ್ವಾ?’

ನನಗೆ ಉತ್ತರ ಹೊಳೆಯಲಿಲ್ಲ. ಮರುವಾರ ತಪಾಸಣೆಗೆ ಹೋದಾಗ ಹೊಲಿಗೆಯ ಬಗ್ಗೆ ವೈದ್ಯರನ್ನೇ ಕೇಳಿದೆವು. ನಡುನಡುವೆ ಕೈಗೆ ವಿಶ್ರಾಂತಿ ಕೊಟ್ಟು ಹೊಲಿಯಬಹುದು ಎಂದರು. ಮನೆಗೆ ಬಂದು ಯಂತ್ರದ ಮೇಲಿನ ಬಟ್ಟೆ ತೆಗೆದು, ದೊಗಲೆಯಾಗಿದ್ದ ನನ್ನ ಎರಡು ಕುರ್ತಾ ಮುಂದಿಟ್ಟೆ. ‘ಇಷ್ಟು ದಿನ ಇದನ್ನ ಹಾಕ್ಕೊಂಡು ಕಾಲೇಜಿಗೆ ಹೋಗ್ತಿದ್ಯಾ?’ ಎಂದು ಬೈದಳು. ಅವಳು ನನ್ನನ್ನು ಬೈದು ವರ್ಷವಾಗಿತ್ತು.

ಎರಡು ತಿಂಗಳ ಹಿಂದೆ ನಮ್ಮ ಬೀದಿಯ ಹೆಂಗಸೊಬ್ಬರು ಮೊದಲ ಕೀಮೋಗೆ ಹೊರಡಬೇಕಿತ್ತು. ಅವರ ಮಗನಿಗೆ ರಜೆ ಇರಲಿಲ್ಲ. ಚಿಕ್ಕಮ್ಮ ‘ನಾನು ಬರ್ತೀನಿ’ ಎಂದಳು. ನಾವು ಬಾಯಿ ತೆರೆಯುವುದರೊಳಗೆ ಬ್ಯಾಗು ತುಂಬಿಯಾಗಿತ್ತು. ಬಿಸಿನೀರಿನ ಫ್ಲಾಸ್ಕು, ವಾಕರಿಕೆ ಬಂದರೆ ಮೂಸಲು ನಿಂಬೆಹಣ್ಣು, ತಲೆಗೆ ಸುತ್ತಿಕೊಳ್ಳಲು ಹತ್ತಿಯ ಬಟ್ಟೆ. ಏನೇನು ಬೇಕಾಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರಾತ್ರಿ ಹತ್ತಕ್ಕೆ ಬಂದು, ಬಸ್ಸಿನಲ್ಲಿ ಸೀಟೇ ಸಿಗಲಿಲ್ಲ ಎಂದು ಗೊಣಗುತ್ತಾ ತಾನೇ ಅನ್ನ ಬಡಿಸಿಕೊಂಡಳು.

ಭಯ ಪೂರ್ತಿ ಹೋಗಿದೆ ಎಂದಲ್ಲ. ತನ್ನ ತಪಾಸಣೆಯ ಹಿಂದಿನ ರಾತ್ರಿ ಅವಳು ಈಗಲೂ ನಿದ್ದೆ ಮಾಡುವುದಿಲ್ಲ. ಆದರೆ ಈಗ ಅದನ್ನು ಹೇಳಿಕೊಳ್ಳುತ್ತಾಳೆ.

ನಿಮ್ಮ ಮನೆಯಲ್ಲೂ ಹೀಗೆ ದಡ ಸೇರಿದವರು ಇದ್ದರೆ, ‘ಆರಾಮಾಗಿರು’ ಅನ್ನುವ ಮೊದಲು ಏನು ಮಾಡಬೇಕು ಅನಿಸುತ್ತಿದೆ ಎಂದು ಒಮ್ಮೆ ಕೇಳಿ ನೋಡಿ. ನಮ್ಮ ಚಿಕ್ಕಮ್ಮ ಮುಂದಿನ ಮಂಗಳವಾರ ಮತ್ತೆ ಆ ಹೆಂಗಸಿನ ಜೊತೆ ಹೊರಡುತ್ತಾಳೆ. ಅವತ್ತು ಕಾಫಿ ಲೋಟ ತೊಳೆಯುವುದು ನನ್ನ ಪಾಲು.