ಚಿತ್ರದಲ್ಲಿ ಕಾಣದ ಜಾಲರಿ

ಪುಣೆಯ ಸಾರಸಬಾಗಿನ ಬಳಿ 1953ರಲ್ಲಿ ಆರಂಭವಾದ ಪೇಶ್ವೆ ಉದ್ಯಾನದ ಮೃಗಾಲಯವು ಪುಟ್ಟದಾಗಿತ್ತು, ಪಂಜರಗಳೂ ಇಕ್ಕಟ್ಟಾಗಿದ್ದವು. ಕ್ಯಾಮೆರಾವನ್ನು ಜಾಲರಿಗೆ ಆದಷ್ಟು ಸಮೀಪ ಹಿಡಿದು, ಮಸೂರದ ರಂಧ್ರವನ್ನು ಹಿಗ್ಗಿಸಿ, ಹಿಂದೆ ನಿಂತ ಪ್ರಾಣಿಯನ್ನು ಸೆರೆಹಿಡಿದರೆ ಚಿತ್ರದಲ್ಲಿ ಜಾಲರಿ ಕಾಣದು. ಆದರೆ ಪ್ರಾಣಿಯ ಪಾಲಿಗೆ ಅದು ಮಾಯವಾಗುವುದಿಲ್ಲ.

1999ರಲ್ಲಿ ಕಾತ್ರಜದಲ್ಲಿ ಸುಮಾರು 130 ಎಕರೆಯ ರಾಜೀವ್ ಗಾಂಧಿ ಮೃಗಾಲಯ ತೆರೆಯಿತು. ಪೇಶ್ವೆ ಉದ್ಯಾನದ ಪ್ರಾಣಿಗಳು ಕ್ರಮೇಣ ಅಲ್ಲಿಗೆ ಸಾಗಿದವು. ಇಲ್ಲಿ ಹುಲಿಯು ಗಿಡಗಳ ಮರೆ ಸೇರಿದರೆ ಛಾಯಾಗ್ರಾಹಕನು ಕಾಯಲೇಬೇಕು. ಕೂಗುವುದು, ಕಲ್ಲೆಸೆಯುವುದು, ಫ್ಲ್ಯಾಶ್ ಬೆಳಗಿಸುವುದು ಮೃಗವನ್ನು ಬೆದರಿಸುತ್ತವೆ. ಜನರ ಕಣ್ಣಿನಿಂದ ಮರೆಯಾಗುವ ಅವಕಾಶವೂ ಆಹಾರ, ನೀರಿನಂತೆಯೇ ಅದರ ಆರೋಗ್ಯಕ್ಕೆ ಅವಶ್ಯಕ. ಚಿತ್ರ ದೊರೆಯದೆ ಮುಖ ಬಾಡಿದ ಮಗುವಿಗೆ ಹಿರಿಯರು ಇಷ್ಟನ್ನು ತಿಳಿಸಿಕೊಟ್ಟರೆ ಆ ಭಾನುವಾರ ವ್ಯರ್ಥವಾಗದು.